ಲಕ್ಷ್ಮಿಯ ಕಿರುಬೆರಳು ಸೊಟ್ಟ ಯಾಕೆ

ನಮ್ಮ ಪಕ್ಕದ ಮನೆಯ ಹುಡುಗಿ ಇಲ್ಲೇ ಪುಣೆಯ ವಿಮಾನ ನಗರದ ಯಾವುದೋ ಆಫೀಸಿನಲ್ಲಿ ಚಿತ್ರ ಮಾಡುವ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಬಂದು ಗೊಣಗಿದಳು: 'ಅಜ್ಜಾರ, ನಮ್ಮ ಸಾಹೇಬರು ಚಿತ್ರ ನೋಡೂದಕ್ಕಿಂತ ಮೊದಲ ಅದರ ಅರ್ಥ ಕೇಳ್ತಾರ್ರಿ. ಈ ಬಣ್ಣ ಯಾಕ, ಆ ಗೆರಿ ಯಾಕ ಅಂತ. ನಿಮ್ಮ ಕಾಲದಾಗ ಈ ಕಾಟ ಇರಲಿಲ್ಲ ಬಿಡ್ರಿ.' ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಾಲದಲ್ಲಿ ಆ ಕಾಟವೇ ಕೆಲಸವಾಗಿತ್ತು. ಚಿತ್ರ ಬರೆಯುವುದು ಅದರ ಜೊತೆಗೆ ಬರುವ ಸಣ್ಣ ಉಪದ್ವ್ಯಾಪ. ಅವಳಿಗೆ ಆ ಹೊತ್ತು ಚಹಾ ಕುಡಿಸಿ ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಅವಳಂಥವರು ಓದಿಕೊಳ್ಳಲಿ.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಾನು ಪುಣೆಯಲ್ಲಿ ಕ್ಯಾಲೆಂಡರಿನ ಚಿತ್ರ ಬರೆದೆ. ದೇವರು, ದೇವತೆಯರು, ಎತ್ತು, ಗಿಳಿ, ಹಾಲುಗಲ್ಲದ ಕೂಸುಗಳು, ಒಮ್ಮೆ ಒಂದು ನೀರೆತ್ತುವ ಪಂಪು ಕೂಡ. ನಾನು ಯಾವಾಗ ಹೆಡ್ ಆರ್ಟಿಸ್ಟ್ ಆದೆ ಎಂದು ಯಾರಾದರೂ ಕೇಳಿದರೆ ಹೇಳಲು ದೊಡ್ಡ ಕಥೆಯೇನಿಲ್ಲ. ನನಗಿಂತ ಹಿರಿಯರಿಬ್ಬರು ಮುಂಬಯಿಗೆ ಹೋದರು, ನಾನೊಬ್ಬನೇ ಉಳಿದೆ. ಒಬ್ಬನೇ ಉಳಿದವನು ಹೆಡ್ ಆಗದೆ ಇನ್ನೇನಾದಾನು.

ನಮ್ಮ ಅಂಗಡಿ ಪೇಠೆಯ ಒಂದು ಹಳೆಯ ವಾಡೆಯಲ್ಲಿತ್ತು. ಕೆಳಗೆ ನಮ್ಮ ಕೆಲಸ, ಮೇಲೆ ಮಾಲಕರ ಮನೆ. ಮಾಲಕರು ಅಣ್ಣಾಸಾಹೇಬರು. ಅವರ ಹಿರಿಯರು ನಿಪ್ಪಾಣಿ ಕಡೆಯಿಂದ ಬಂದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನಾನು ಧಾರವಾಡದಿಂದ ಬಂದು ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿದವನು, ಕಂಕುಳಲ್ಲಿ ಚಿತ್ರಗಳ ಸುರುಳಿ ಹಿಡಿದು ನೇರ ಅವರ ಮುಂದೆ ಹೋಗಿ ನಿಂತೆ. ಅವರು ನನ್ನ ಗಿಳಿಯ ಚಿತ್ರವನ್ನು ದೂರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

'ಗಿಳಿ ಚಲೋ ಅದ. ಆದ್ರ ಅದು ಆ ಕಡೆ ಯಾಕ ನೋಡಾಕತ್ತದ?'

'ಆ ಕಡೆ ಪೇರಲ ಹಣ್ಣ ಅದರಿ.'

'ಎಲ್ಲದ? ಕಾಣವಲ್ದು.'

'ಚಿತ್ರದ ಹೊರಗ ಅದರಿ.'

ಅವರು ಮುಚ್ಚಿದ ಕಣ್ಣನ್ನೂ ತೆರೆದು ನನ್ನನ್ನು ನೋಡಿದರು. ನಾಳೆಯಿಂದ ಬಾ ಎಂದರು. ನನ್ನನ್ನು ಆರಿಸಿದ್ದು ಗಿಳಿಗಲ್ಲ, ಪೇರಲಕ್ಕೆ ಎಂದು ತಿಳಿಯಲು ಶ್ರಾವಣ ಬರಬೇಕಾಯಿತು.

ಪ್ರತಿ ಶ್ರಾವಣದಲ್ಲಿ ನಮ್ಮಲ್ಲಿ ಚಿತ್ರ ತೋರಿಸುವ ದಿನ ಇರುತ್ತಿತ್ತು. ಸೋಲಾಪುರ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಏಜೆಂಟರು ಬಂದು ಗಾದಿಯ ಮೇಲೆ ಕೂಡುತ್ತಿದ್ದರು. ಅವಲಕ್ಕಿ, ಚಹಾ ಆದಮೇಲೆ ಒಂದೊಂದೇ ಚಿತ್ರದ ಮೇಲಿನ ಬಟ್ಟೆ ಸರಿಸಬೇಕು. ಚಿತ್ರಗಾರ ತೆಳ್ಳನೆಯ ಬೆತ್ತ ಹಿಡಿದು ಅರ್ಥ ಹೇಳಬೇಕು. ಯಾಕೆಂದರೆ ಏಜೆಂಟರು ಅದನ್ನು ತಮ್ಮೂರಿನ ಕಿರಾಣಿಯವನಿಗೆ, ಬಟ್ಟೆ ಅಂಗಡಿಯವನಿಗೆ ತೋರಿಸಬೇಕು. ತನ್ನ ಅಂಗಡಿಯ ಹೆಸರು ಅಚ್ಚಾಗುವ ಚಿತ್ರದಲ್ಲಿ ಏನಿದೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಅರ್ಥವೂ ನಮ್ಮ ಸರಕೇ ಆಗಿತ್ತು.

ಮೊದಲ ವರ್ಷ ನನ್ನ ಲಕ್ಷ್ಮಿಗೆ ನೀಲಿ ಸೀರೆ. ಕೆಂಪು ಬಣ್ಣ ಮುಗಿದಿತ್ತು, ಅಷ್ಟೇ ಸಂಗತಿ. ಸೋಲಾಪುರದ ಬಸಣ್ಣ ಎದ್ದು ಕುಳಿತರು. ಏಜೆಂಟರಲ್ಲೆಲ್ಲ ಬಸಣ್ಣ ಕಟ್ಟಾ ಮನುಷ್ಯ, ಮಡಿ ಮುಹೂರ್ತ ನೋಡದೆ ಚಪ್ಪಲಿಯನ್ನೂ ಕೊಳ್ಳದವರು. 'ಲಕ್ಷ್ಮಿಗೆ ನೀಲಿ ಸೀರಿ ಯಾಕ್ರಿ?' ಎಂದು ಕೇಳಿದರು. ನಾನು ಯೋಚಿಸುವ ಮೊದಲೇ ಬಾಯಿ ತಾನೇ ಹೇಳಿತು: 'ಅಕಿ ಸಮುದ್ರದಾಗಿಂದ ಎದ್ದ ಬಂದಾಕಿ ಅಲ್ಲೇನ್ರಿ? ಸಮುದ್ರದ ಬಣ್ಣ ಸೀರಿಗೆ ಹತ್ತೇದ.' ಬಸಣ್ಣ ಎರಡೂ ಕೈ ಮುಗಿದರು, ನನಗಲ್ಲ, ಲಕ್ಷ್ಮಿಗೆ. ಅಣ್ಣಾಸಾಹೇಬರು ನನ್ನ ಕಿವಿಯಲ್ಲಿ, 'ಇನ್ನ ಮ್ಯಾಲೆ ನೀನ ಹೇಳಾಂವ' ಎಂದರು. ಅಲ್ಲಿಂದ ನನ್ನ ನಿಜವಾದ ನೌಕರಿ ಶುರುವಾಯಿತು.

ಇನ್ನೊಂದು ವರ್ಷ ಎತ್ತುಗಳ ಚಿತ್ರ. ನಮ್ಮೂರ ಕಡೆ ಕಾರಹುಣ್ಣಿವೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತಾರೆ. ನಮ್ಮಪ್ಪನಿಗೆ ಕೆಂಪು ಬೇಕು, ಕಾಕಾನಿಗೆ ಹಸಿರು ಬೇಕು. ಜಗಳ ಬಗೆಹರಿಯದೆ ಎತ್ತಿಗೆ ಒಂದು ಕೋಡು ಕೆಂಪು, ಒಂದು ಕೋಡು ಹಸಿರು ಆಗುತ್ತಿತ್ತು. ನಾನು ಹಾಗೆಯೇ ಬರೆದೆ. ಪುಣೆಯ ಒಬ್ಬ ಏಜೆಂಟ್, 'ಇದೇನ್ರಿ, ಡೆಕ್ಕನ್ ಚೌಕಿನ ಸಿಗ್ನಲ್ಲಾ? ಎತ್ತು ನಿಲ್ಲಬೇಕೋ ಹೋಗಬೇಕೋ?' ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೆಂಪು ರೈತನ ರಕ್ತ, ಹಸಿರು ಅವನ ಬೆಳೆ, ಎರಡನ್ನೂ ಹೊತ್ತವನು ಬಸವಣ್ಣ ಎಂದು ಗಂಭೀರವಾಗಿ ಹೇಳಿದೆ. ನಕ್ಕವರು ತಲೆ ತಗ್ಗಿಸಿದರು. ಒಬ್ಬರು ಕಣ್ಣೊರೆಸಿಕೊಂಡರು ಕೂಡ. ಅಪ್ಪ ಕಾಕಾ ಇದನ್ನು ಕೇಳಿದ್ದರೆ ನಗುನಗುತ್ತ ಇನ್ನೊಮ್ಮೆ ಜಗಳ ತೆಗೆಯುತ್ತಿದ್ದರು.

ಎಲ್ಲ ಸಲವೂ ನಾಲಿಗೆ ಕೈಹಿಡಿಯಲಿಲ್ಲ. ಒಮ್ಮೆ ಹೊಳೆಯ ದಂಡೆಯ ಚಿತ್ರ ಬರೆದೆ. ಆಕಾಶದಲ್ಲಿ ದುಂಡಗೆ ಒಂದಿತ್ತು. ಅದು ಸೂರ್ಯನೋ ಚಂದ್ರನೋ ಎಂದು ಕೇಳಿದರು. ಚಂದ್ರ ಎಂದರೆ ಗಿಡಗಳ ನೆರಳು ಬಿಸಿಲಿನದು, ಸೂರ್ಯ ಎಂದರೆ ಅದು ಬೆಳ್ಳಗಿದೆ. ನಾನು ಬೆತ್ತ ಎತ್ತಿದವನು ಎತ್ತಿಯೇ ನಿಂತೆ. ಅಣ್ಣಾಸಾಹೇಬರು ಗಾದಿಯಿಂದಲೇ, 'ಹುಣ್ಣಿವಿ ಸಂಜೀಕೆ ಎರಡೂ ಇರ್ತಾವ. ಅದು ಚಂದ್ರ, ಸೂರ್ಯ ನಿಮ್ಮ ಬೆನ್ನ ಹಿಂದ ಅದಾನ' ಎಂದರು. ಇಬ್ಬರು ಹಿಂದೆ ತಿರುಗಿ ನೋಡಿಯೇಬಿಟ್ಟರು. ಅವರೆಲ್ಲ ಹೋದಮೇಲೆ ಅಣ್ಣಾಸಾಹೇಬರು, 'ಮುಂದಿನ ಸಲ ಯಾವದರೆ ಒಂದ ತೆಗಿ ಮಾರಾಯಾ' ಎಂದರು. ನಾನು ಅವರಿಂದ ಕೇಳಿದ ಬೈಗುಳಗಳಲ್ಲಿ ಅದೇ ದೊಡ್ಡದು. ಒಳ್ಳೆಯ ಮೇಲಧಿಕಾರಿ ಸಿಕ್ಕರೆ ಅವರ 'ಚಲೋ ಅದ, ಆದ್ರ'ಗಳನ್ನು ಸಹಿಸಿಕೊಂಡು ಇದ್ದುಬಿಡಿ.

ಹೊಸಬರಿಗೆ ಒಂದು ಉಪಯೋಗದ ಮಾತು. ಚಿತ್ರ ಎಲ್ಲಿ ತೂಗುತ್ತದೆ ಎಂದು ತಿಳಿದು ಬರೆಯಿರಿ. ನಮ್ಮ ಲಕ್ಷ್ಮಿಯರು ಅಡುಗೆಮನೆಯ ಗೋಡೆಗೆ ಹೋಗುವವರು. ಒಲೆಯ ಹೊಗೆಗೆ ಹಳದಿ ಬೇಗ ಮಂಕಾಗುತ್ತದೆ, ಆದ್ದರಿಂದ ಒಂದು ಪಾಲು ಹೆಚ್ಚು ಹಳದಿ ಹಾಕಬೇಕು. ಮೊಳೆ ಎತ್ತರದಲ್ಲಿರುತ್ತದೆ, ನೋಡುವವರು ಕೆಳಗೆ ಕುಳಿತು ರೊಟ್ಟಿ ಬಡಿಯುತ್ತಿರುತ್ತಾರೆ, ಆದ್ದರಿಂದ ದೇವಿಯ ಕಣ್ಣು ಸ್ವಲ್ಪ ಕೆಳಗೆ ನೋಡಬೇಕು. ಇದನ್ನು ನಾನು ಏಜೆಂಟರಿಗೆ ಎಂದೂ ಹೇಳಲಿಲ್ಲ. 'ಕೃಪಾದೃಷ್ಟಿ' ಎಂದು ಹೇಳುತ್ತಿದ್ದೆ.

ಬಸಣ್ಣ ಒಮ್ಮೆ ಚಿತ್ರದ ಹತ್ತಿರ ಬಂದು ಮೂಗು ತಾಗಿಸುವಂತೆ ನಿಂತು, 'ಲಕ್ಷ್ಮಿ ಬಲಗೈ ಕಿರಿಬೆರಳು ಸೊಟ್ಟ ಅದ ನೋಡ್ರಿ. ನಾಲ್ಕ ಕೈಯಾಗ ಎರಡೂ ಬಲಗೈದೂ ಸೊಟ್ಟ. ಯಾಕ?' ಎಂದು ಕೇಳಿದರು. ಅದರ ನಿಜವನ್ನು ಮುಂದೆ ಹೇಳುತ್ತೇನೆ. ಅವತ್ತು ಮಾತ್ರ, 'ಅದು ಧಾರಾಳ ಮುದ್ರಾ ರೀ. ಕಿರಿಬೆರಳು ಬಾಗಿದ್ರ ಹೊನ್ನು ಕೈಯಾಗ ನಿಲ್ಲೂದಿಲ್ಲ, ಭಕ್ತರ ಮನಿಗೆ ಸುರೀತದ' ಎಂದೆ. ಇಂಥ ಮುದ್ರೆ ಯಾವ ಶಾಸ್ತ್ರದಲ್ಲಿ ಇದೆಯೋ ಆ ಲಕ್ಷ್ಮಿಗೇ ಗೊತ್ತು. ಮುಂದಿನ ವರ್ಷ ಬೇರೆ ಊರಿನ ಒಬ್ಬ ಕ್ಯಾಲೆಂಡರಿನವನೂ ತನ್ನ ಲಕ್ಷ್ಮಿಯ ಕಿರುಬೆರಳನ್ನು ಸೊಟ್ಟ ಮಾಡಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಕನಿಕರ ಬಂತು.

ಈಗ ಆಯಿಯ ಮಾತು. ಆಯಿ ಎಂದರೆ ಅಣ್ಣಾಸಾಹೇಬರ ತಾಯಿ. ಇಡೀ ವಾಡೆಗೆ ಅವರು ಆಯಿಯೇ. ನಮ್ಮ ಅಂಗಡಿಯಲ್ಲಿ ದೇವಿಯ ಚಿತ್ರವನ್ನು ಚಿತ್ರಗಾರ ಮುಗಿಸುತ್ತಿರಲಿಲ್ಲ. ಹಣೆಯನ್ನು ಖಾಲಿ ಬಿಡಬೇಕು. ಮುಂಜಾನೆ ಸ್ನಾನ ಮಾಡಿ ಆಯಿ ಕೆಳಗೆ ಬಂದು ಕುಂಕುಮ ಇಟ್ಟಮೇಲೆಯೇ ಚಿತ್ರ ಮುಗಿದಂತೆ. ಅವರಿಗೆ ಬ್ರಶ್ ಆಗದು. ತಮ್ಮ ಹಣೆಗೆ ಇಟ್ಟುಕೊಳ್ಳುವಂತೆ ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ ಒಂದೇ ಸಲ ಒತ್ತುತ್ತಿದ್ದರು. ಎಂಥ ದುಂಡು! ನಾನು ಕೈವಾರ ಹಿಡಿದರೂ ಅಷ್ಟು ದುಂಡಗೆ ಬರುತ್ತಿರಲಿಲ್ಲ.

ಬಣ್ಣ ಕಲಸಿ ಬಟ್ಟಲು ಹಿಡಿದು ಅವರ ಪಕ್ಕ ನಿಲ್ಲುವುದು ನನ್ನ ಕೆಲಸ. ಅದು ಸುಲಭವಾಗಿರಲಿಲ್ಲ. 'ಇದು ಟೊಮ್ಯಾಟೋ ಕೆಂಪ. ಇದು ಮೆಣಸಿನಕಾಯಿ ಕೆಂಪ. ನನಗ ಕುಂಕುಮದ ಕೆಂಪ ಬೇಕೋ ತಮ್ಮಾ' ಎಂದು ಎರಡು ಮೂರು ಸಲ ತಿರುಗಿಸಿ ಕಳಿಸುತ್ತಿದ್ದರು. ಚಿತ್ರ ತೋರಿಸುವ ದಿನ ಒಳಗಿನ ಮೆಟ್ಟಿಲ ಮೇಲೆ ಕುಳಿತು ನನ್ನ ಅರ್ಥಗಳನ್ನೆಲ್ಲ ಕೇಳುತ್ತಿದ್ದರು. ಒಮ್ಮೆ ಕಡ್ಡಿ ಅದ್ದುತ್ತ ಕೇಳಿದರು:

'ಗುರುಪಾದ, ಎಲ್ಲಾದಕ್ಕೂ ಏನೇನೋ ಹೇಳ್ತಿ. ಈ ಕುಂಕುಮಕ್ಕ ಏನ ಹೇಳ್ತಿ?'

'ಉದಯಿಸೋ ಸೂರ್ಯ ಅಂತೀನ್ರಿ ಆಯಿ.'

'ಹುಚ್ಚಪ್ಪಾ, ಕುಂಕುಮ ಅಂದ್ರ ಕುಂಕುಮ.'

ಎಂಬತ್ತರ ದಶಕ ಬಂದಂತೆ ಕೆಲಸದ ರೀತಿ ಬದಲಾಯಿತು. ಮೊದಲು ಅಚ್ಚಿನವನು ಬಣ್ಣಗಳನ್ನು ಬೇರೆ ಮಾಡುವಾಗ ಕಣ್ಣಳತೆಯಲ್ಲಿ ತಿದ್ದುತ್ತಿದ್ದ, ನನ್ನ ನೀಲಿ ಅವನ ಕೈಯಲ್ಲಿ ಬದನೆಕಾಯಿ ಬಣ್ಣವಾಗುತ್ತಿತ್ತು. ನಾನು ಬದನೆಕಾಯಿಗೂ ಅರ್ಥ ಹೊಂದಿಸುತ್ತಿದ್ದೆ. ಆಮೇಲೆ ಗಾಳಿಯಿಂದ ಬಣ್ಣ ಊದುವ ಬ್ರಶ್ ಬಂತು, ದೇವರ ಗಲ್ಲಗಳೆಲ್ಲ ಆಗತಾನೆ ಎಣ್ಣೆ ಹಚ್ಚಿದಂತೆ ಮಿರುಗಿದವು. ಆಮೇಲೆ ಫೋಟೋ ಬಂದವು. ಸ್ವಿಟ್ಜರ್ಲೆಂಡಿನ ಹಿಮ, ಬುಟ್ಟಿಯಲ್ಲಿ ಕುಳಿತ ಬೆಕ್ಕಿನ ಮರಿ. ಬೆಕ್ಕಿನ ಮರಿಗೆ ಯಾರೂ ಅರ್ಥ ಕೇಳುವುದಿಲ್ಲ. ಚಿತ್ರ ತೋರಿಸುವ ದಿನಗಳು ನಿಂತವು, ನನ್ನ ಬೆತ್ತ ಮೂಲೆ ಸೇರಿತು. ಆದರೆ ಆ ದಿನಗಳು ನಿಲ್ಲುವ ಮುಂಚೆ ಒಂದು ಶ್ರಾವಣ ಬಂತು. ಇಷ್ಟು ಹೊತ್ತು ಬರೆದದ್ದು ಅದನ್ನು ಹೇಳಬೇಕೆಂದೇ.

ಆ ವರ್ಷ ಆಷಾಢದಲ್ಲಿ ಆಯಿಯ ಯಜಮಾನರು ತೀರಿಕೊಂಡರು. ಆಯಿ ಮೆಟ್ಟಿಲಿಳಿದು ಅಂಗಡಿಗೆ ಬರುವುದು ನಿಂತುಹೋಯಿತು. ದುಃಖ ಇದ್ದರೂ ಏಜೆಂಟರ ಹಂಗಾಮು ನಿಲ್ಲುವುದಿಲ್ಲ, ದಿನ ಗೊತ್ತಾಯಿತು. ನನ್ನ ಲಕ್ಷ್ಮಿ ತಯಾರಾಗಿದ್ದಳು, ಹಣೆಯೊಂದು ಖಾಲಿ. ಅಣ್ಣಾಸಾಹೇಬರು ತಮ್ಮ ಹೆಂಡತಿಗೆ ಹೇಳಿ ಕುಂಕುಮ ಇಡಿಸುತ್ತಾರೆ ಎಂದು ನಾನಂದುಕೊಂಡೆ. ಒಂದು ಚುಕ್ಕೆ ತಾನೆ, ಗುರುಪಾದನೇ ಸದ್ದಿಲ್ಲದೆ ಇಟ್ಟಿರುತ್ತಾನೆ ಎಂದು ಅವರಂದುಕೊಂಡರು. ಅತ್ತೆಯ ಕೆಲಸಕ್ಕೆ ಅವರ ಮಾತಿಲ್ಲದೆ ಕೈಹಾಕುವುದು ಹೇಗೆ ಎಂದು ಸೊಸೆ ಸುಮ್ಮನಿದ್ದರು. ಕೇಳಿದರೆ ಆಯಿಗೆ ನೋವಾದೀತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹೀಗೆ ಎಲ್ಲರೂ ಒಳ್ಳೆಯವರಾಗಿ, ಲಕ್ಷ್ಮಿ ಬೋಳು ಹಣೆಯಲ್ಲಿ ಉಳಿದಳು.

ಬಟ್ಟೆ ಸರಿಸಿದೆ. ಬಸಣ್ಣ ಚಹಾದ ಬಸಿ ಕೆಳಗಿಟ್ಟರು. 'ಹಣಿಮ್ಯಾಲೆ ಏನೂ ಇಲ್ಲಲ್ರಿ? ಇದಕ್ಕೂ ಏನರೆ ಅರ್ಥ ಅದ ಏನು?'

ಅಣ್ಣಾಸಾಹೇಬರು ಏನಾದರೂ ಹೇಳು ಎಂಬಂತೆ ನನ್ನನ್ನು ನೋಡಿದರು. ಕುಂಕುಮವಿಲ್ಲದ ದೇವಿಯನ್ನು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ. ಹಾಗೆಂದು ನನಗೆ ಮಾತು ಹೊಳೆಯಲಿಲ್ಲ ಎಂದಲ್ಲ. ತುದಿನಾಲಿಗೆಯ ಮೇಲೆ ಬಂದು ನಿಂತಿತ್ತು: ಮನೆಮನೆಯ ಮುತ್ತೈದೆ ತನ್ನ ಕೈಯಾರೆ ಕುಂಕುಮ ಇಡಲಿ ಎಂದು ಹಣೆಯನ್ನು ಅವಳಿಗಾಗಿ ಬಿಟ್ಟಿದ್ದೇನೆ. ನನ್ನ ಜನ್ಮದಲ್ಲಿ ಹೊಳೆದ ಅರ್ಥಗಳಲ್ಲೆಲ್ಲ ಅದೇ ಚೆಂದದ್ದು. ಅದನ್ನು ಆಡಲಿಲ್ಲವಲ್ಲ ಎಂದು ಕಲಾವಿದನಾಗಿ ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿ ಇದೆ.

ಬೆತ್ತ ಎತ್ತಿದೆ. ಆಗ ಒಳಬಾಗಿಲಿನ ಆಚೆ, ಮೇಲಿನ ಮೆಟ್ಟಿಲ ಮೇಲೆ ಸೀರೆಯ ಅಂಚು ಕಂಡಿತು. ಆಯಿ ಎಂದಿನಂತೆ ಕೇಳಲು ಬಂದು ಕುಳಿತಿದ್ದರು. ಈ ಚೆಂದದ ಅರ್ಥ ಹೇಳಿದರೆ ಜನ ಮೆಚ್ಚುತ್ತಾರೆ, ಮುಂದಿನ ವರ್ಷದಿಂದ ಬೋಳು ಹಣೆಯೇ ನಮ್ಮ ರೂಢಿಯಾಗುತ್ತದೆ, ಬೆಂಕಿಕಡ್ಡಿಗೆ ಕೆಲಸವಿರುವುದಿಲ್ಲ. ಗಂಡನನ್ನು ಕಳೆದುಕೊಂಡ ಆಯಿಯ ಜಾಗವನ್ನು ನಾನು ನನ್ನ ನಾಲಿಗೆಯಿಂದಲೇ ಮುಚ್ಚಿಬಿಡುತ್ತೇನೆ.

'ಇದರಾಗ ಅರ್ಥ ಏನೂ ಇಲ್ರಿ,' ಎಂದೆ. 'ಚಿತ್ರ ಇನ್ನೂ ಮುಗದಿಲ್ಲ. ಕುಂಕುಮ ಇಡಾವರು ಇನ್ನೂ ಕೆಳಗ ಬಂದಿಲ್ಲ.'

ಯಾರೆಂದು ಎಲ್ಲರಿಗೂ ಗೊತ್ತು. ಅಣ್ಣಾಸಾಹೇಬರ ಮುಖ ಬಿಳಿಚಿತು. ಒಬ್ಬ ಏಜೆಂಟ್ ಮರಾಠಿಯಲ್ಲಿ 'ಹೇ ಬರೋಬರ್ ನಾಹಿ', ಇದು ಸರಿಯಲ್ಲ, ಎನ್ನುತ್ತ ಕೊಡೆ ತೆಗೆದುಕೊಂಡು ಹೊರಟೇ ಹೋದ. ಉಳಿದವರು ಬಸಣ್ಣನ ಮುಖ ನೋಡಿದರು. ಇಂಥ ವಿಷಯದಲ್ಲಿ ಅವರು ಎದ್ದರೆ ಎಲ್ಲರೂ ಏಳುವವರೇ. ಬಸಣ್ಣ ಗಾದಿಯ ಒಂದು ನೂಲು ಕಿತ್ತರು.

'ಇಷ್ಟ ವರ್ಷ ಆಯಿ ಕುಂಕುಮ ಇಟ್ಟ ಲಕ್ಷ್ಮೀನ ನಮ್ಮ ದೇವರಮನ್ಯಾಗ ಅದಾಳ,' ಎಂದರು. 'ಈ ಆಷಾಢದಾಗ ಹಿಂಗಾತು ಅಂತ ಆ ಲಕ್ಷ್ಮಿ ಎದ್ದೇನ ಹೋಗಿಲ್ಲ. ನಮಗೂ ಅವಸರಿಲ್ಲ. ಇನ್ನೊಂದ ಸಲ ಚಾ ಆಗಲಿ.'

ಮೆಟ್ಟಿಲಿನಿಂದ ದನಿ ಬಂತು. 'ಗುರುಪಾದ, ನನ್ನ ಹಣಿ ನೋಡಿ ಆಮ್ಯಾಲೆ ಮಾತಾಡು.'

ಚಿತ್ರ ಎತ್ತಿಕೊಂಡು, ಬಣ್ಣದ ಬಟ್ಟಲು ಹಿಡಿದು ಮೇಲೆ ಹೋದೆ. ಆಷಾಢದ ನಂತರ ನಾನು ಅವರ ಮುಖ ನೋಡಿರಲಿಲ್ಲ. ಹಣೆ ಬರಿದು, ಕೈ ಬರಿದು.

'ನಾ ಇನ್ನ ಇಡಬಾರದಪ್ಪಾ. ಸೊಸಿ ಇಡಲಿ,' ಎಂದರು.

ಶಾಸ್ತ್ರ ಹೇಳಿ ವಾದಿಸಲು ನನಗೆ ಬಾರದು. ನನಗೆ ಬರುವುದು ಚಿತ್ರದ ಅರ್ಥ ಹೇಳುವುದೊಂದೇ. ಚಿತ್ರವನ್ನು ಅವರ ಮುಂದೆ ಗೋಡೆಗೆ ಆನಿಸಿ ನೆಲದ ಮೇಲೆ ಕುಳಿತೆ.

'ಆಯಿ, ಈ ಹಿಂದಿನ ಹಳದಿ ಅದ ನೋಡ್ರಿ, ಇದನ್ನ ನಾ ಬಂಗಾರದ ಪ್ರಭಾವಳಿ ಅಂತ ಹೇಳ್ತೀನಿ. ಖರೆ ಅಂದ್ರ ಅದು ನಿಮ್ಮ ಅಡಗಿಮನಿ ಗ್ವಾಡಿ ಬಣ್ಣ. ಊಟಕ್ಕ ಕೂತಾಗೆಲ್ಲ ಅದನ್ನ ನೋಡೀನಿ. ಈ ಹಸರ ಬಳಿ ಸಮೃದ್ಧಿ ಅಂತ ಹೇಳ್ತೀನಿ. ಅವು ನಿಮ್ಮ ಕೈಯಾಗ ಇದ್ದವು. ಮತ್ತ ಈ ಕಿರಿಬೆರಳು. ಮುದ್ರಾ ಅಲ್ಲ, ಗಿದ್ರಾ ಅಲ್ಲ. ಬೀಸೋಕಲ್ಲ ಬಿದ್ದು ಸೊಟ್ಟಾದ ನಿಮ್ಮ ಬೆರಳು ಇದು. ಬಟ್ಟಲ ಹಿಡಕೊಂಡ ಪಕ್ಕದಾಗ ನಿಂತು ನಾ ಇಷ್ಟ ಸನೇದಿಂದ ನೋಡಿದ ಕೈ ಇದೊಂದ. ಮೊದಲಿಂದ ಲಕ್ಷ್ಮಿಗೆ ನಿಮ್ಮ ಕೈನ ಬರದೀನಿ. ಈಗ ನೀವು ಬ್ಯಾಡ ಅಂದ್ರ, ಅಕಿಗೆ ಬ್ಯಾರೆ ಕೈ ಎಲ್ಲಿಂದ ತರಲಿ?'

ಆಯಿ ತಮ್ಮ ಬಲಗೈಯನ್ನು ಚಿತ್ರದ ಹತ್ತಿರ ಹಿಡಿದು ನೋಡಿದರು. ಕಿರುಬೆರಳಿನ ಪಕ್ಕ ಕಿರುಬೆರಳು.

'ಕೆಳಗ ಭಾಳ ಸುಳ್ಳ ಹೇಳ್ತಿ ನೀ. ಇದು ಖರೇನ?'

'ಖರೇರಿ ಆಯಿ.'

ಬಟ್ಟಲು ಎಳೆದುಕೊಂಡು ಬಣ್ಣ ನೋಡಿದರು. ಟೊಮ್ಯಾಟೋ ಎನ್ನಲಿಲ್ಲ, ಮೆಣಸಿನಕಾಯಿ ಎನ್ನಲಿಲ್ಲ. 'ಕಡ್ಡಿ ತಾ,' ಎಂದರು.

ಕಡ್ಡಿಯನ್ನು ಎರಡು ಸಲ ಅದ್ದಿ, ಗೋಡೆಗೆ ಆನಿಸಿದ ಚಿತ್ರದ ಮೇಲೆ ಬಾಗಿದರು. ಕಡ್ಡಿ ಒತ್ತಿದ ಕಡೆ ಕುಂಕುಮ ಎಂದಿಗಿಂತ ದೊಡ್ಡದಾಗಿ, ತುಸು ಎಡಕ್ಕೆ ಸರಿದು ಕೂತಿತು. 'ಸೊಟ್ಟಾತಲ್ಲೋ' ಎಂದು ಗಾಬರಿಯಾದರು. 'ಬೆರಳಿಗೆ ಜೋಡಿ ಆತ್ರಿ' ಎಂದೆ. ಅಚ್ಚಿಗೆ ಕಳಿಸುವಾಗ ಅಲ್ಲಿಯವನು ಅದನ್ನು ನಡುವಿಗೆ ತರಲು ಹೊರಟಿದ್ದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿ ಬಂದೆ. ಆ ವರ್ಷ ಎಷ್ಟೋ ಊರಿನ ಅಡುಗೆಮನೆಗಳಲ್ಲಿ ಲಕ್ಷ್ಮಿ ಹಾಗೆಯೇ ತೂಗಿದಳು.

ಆದರೆ ಅದು ಆಮೇಲಿನ ಮಾತು. ಅವತ್ತು ನಾನು ಚಿತ್ರ ಹಿಡಿದು ಕೆಳಗಿಳಿದಾಗ ಎರಡನೆಯ ಚಹಾ ಮುಗಿದಿತ್ತು. ಅಣ್ಣಾಸಾಹೇಬರು ಚಿತ್ರವನ್ನು ಎರಡೂ ಕಣ್ಣು ತೆರೆದು ನೋಡಿದರು, 'ಚಲೋ ಅದ' ಎಂದರು. 'ಆದ್ರ' ಬರಲೇ ಇಲ್ಲ. ಬಸಣ್ಣ ಹತ್ತಿರ ಬಂದರು, ಮೂಗು ತಾಗಿಸಿ ನೋಡಿದರು, ಗಾದಿಗೆ ಮರಳಿ ಕಾಲು ಮಡಚಿ ಕುಳಿತರು.

'ಈ ಸಲ ಕುಂಕುಮ ಭಾಳ ದೊಡ್ಡದದ. ಅದೂ ಒಂದ ಕಡೆ ಸರದದ. ಹೇಳ್ರಿ ಗುರುಪಾದಪ್ಪ, ಏನದರ ಅರ್ಥ?'

ಎಲ್ಲರೂ ಬೆನ್ನು ನೇರ ಮಾಡಿ ಕುಳಿತರು. ನಾನು ಬೆತ್ತವನ್ನು ಗೋಡೆಗೆ ಆನಿಸಿದೆ.

'ಕುಂಕುಮ ಅಂದ್ರ ಕುಂಕುಮರಿ,' ಎಂದೆ.

ಮೇಲಿನ ಮೆಟ್ಟಿಲಲ್ಲಿ ಆಯಿ ನಕ್ಕದ್ದು ಕೋಣೆಗೆಲ್ಲ ಕೇಳಿಸಿತು.